ಅಲುಗದ ಪೀಠ

ಅರ್ಧ ಗಡ್ಡ ಕೆರೆದಾಗಿತ್ತು, ಇನ್ನರ್ಧದ ಮೇಲೆ ನೊರೆ ಇತ್ತು. ಆಗ ಹೆಂಡತಿ ಬಚ್ಚಲುಮನೆಯ ಬಾಗಿಲಾಚೆಯಿಂದ, ಹಾಲು ಉಕ್ಕಿಹೋಯಿತು ಅನ್ನುವಷ್ಟೇ ಧ್ವನಿಯಲ್ಲಿ, "ರೀ, ನಿಮ್ಮ ಅಧ್ಯಕ್ಷ ಓಡಿಹೋದನಂತೆ" ಎಂದಳು. ತಜ್ಞರ ಕೈ ಗದ್ದದ ಹತ್ತಿರ ನಿಂತಿತು. ಅಧ್ಯಕ್ಷ ಎಂದರೆ ಯಾರು ಎಂದು ಆ ಮನೆಯಲ್ಲಿ ಕೇಳಬೇಕಾಗಿರಲಿಲ್ಲ. ಸಮುದ್ರದಾಚೆಯ ಆ ಅರಬ್ ದೇಶದಲ್ಲಿ ಇವರ ಮದುವೆಗೆ ಮೊದಲೇ ಕುರ್ಚಿ ಹಿಡಿದು ಕೂತವನು ಅವನು. ಹೆಂಡತಿಯ ಪಾಲಿಗೆ ಗಂಡನ ಕಡೆಯ ದೂರದ ನೆಂಟನಿದ್ದಂತೆ. ಒಂದು ದಿನವೂ ಮನೆಗೆ ಬಂದವನಲ್ಲ, ಊಟದ ಹೊತ್ತಿಗೆ ಅವನ ಮಾತು ಬರದ ದಿನವೂ ಇಲ್ಲ. ಅವನ ಸಕ್ಕರೆ ಕಾಯಿಲೆ, ಅವನ ಅಳಿಯಂದಿರ ದುರಾಸೆ, ಅವನ ಸೇನಾಧಿಪತಿಗಳ ಮುನಿಸು, ಇವೆಲ್ಲ ಅವಳಿಗೆ ಸ್ವಂತ ಓರಗಿತ್ತಿಯರ ಜಗಳಕ್ಕಿಂತ ಚೆನ್ನಾಗಿ ಗೊತ್ತಿದ್ದವು. "ಯಾವಾಗಂತೆ?" ಎಂದರು ತಜ್ಞರು, ನೊರೆ ಬಾಯಿಗೆ ಹೋಗದ ಹಾಗೆ. "ಬೆಳಗಿನ ಜಾವ, ವಿಮಾನದಲ್ಲಿ. ಚಪ್ಪಲಿ ಕೂಡ ಮಂಚದ ಕೆಳಗೇ ಬಿಟ್ಟು ಹೋಗಿದಾನೆ. ತೋರಿಸ್ತಿದಾರೆ, ಬಂದು ನೋಡಿ."

ಅವರು ಬಂದು ನೋಡಲಿಲ್ಲ. ಕನ್ನಡಿಯೊಳಗಿನ ಮುಖವನ್ನು ನೋಡುತ್ತ ನಿಂತರು. ಬೋಳಿಸಿದ ಅರ್ಧ ಐವತ್ತರ ಹಾಗೆ, ನೊರೆಯ ಅರ್ಧ ಎಂಬತ್ತರ ಹಾಗೆ ಕಾಣುತ್ತಿತ್ತು. ಇದೇ ಬಾಯಿ ನಿನ್ನೆ ಸಂಜೆ ಟೀವಿಯಲ್ಲಿ, ಲಕ್ಷಾಂತರ ಜನರ ಎದುರು, "ಬರೆದಿಟ್ಕೊಳ್ಳಿ, ಇನ್ನು ಹತ್ತು ವರ್ಷ ಆ ಮನುಷ್ಯ ಕುರ್ಚಿಯಿಂದ ಅಲುಗಾಡೋದಿಲ್ಲ" ಎಂದಿತ್ತು. ಬರೆದಿಟ್ಟುಕೊಳ್ಳಿ ಎಂದು ಯಾಕೆ ಹೇಳಬೇಕಿತ್ತು? ಹೇಳದಿದ್ದರೆ ಯಾರು ಕತ್ತು ಹಿಡಿಯುತ್ತಿದ್ದರು? ಅದು ಹೋಗಲಿ, ಮಾತು ಗಾಳಿಗೆ ಹೋಗುತ್ತದೆ. ಆದರೆ ಇವತ್ತು ಸಂಜೆ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಅವರ ಜೀವಮಾನದ ಪುಸ್ತಕ, ದಿಂಬಿನ ಗಾತ್ರದ್ದು, ಬಿಡುಗಡೆಯಾಗಬೇಕಿತ್ತು. ಆ ಆಳ್ವಿಕೆ ಯಾಕೆ ಬೀಳುವುದಿಲ್ಲ, ಬೀಳಲಾರದು, ಬೀಳುವುದು ತಾತ್ವಿಕವಾಗಿಯೇ ಅಸಾಧ್ಯ ಎಂಬುದನ್ನು ಅಧ್ಯಾಯ ಅಧ್ಯಾಯವಾಗಿ ಸಿದ್ಧಪಡಿಸಿದ ಆ ಪುಸ್ತಕದ ಹೆಸರು 'ಅಲುಗದ ಪೀಠ'. ಒಂದು ತಿಂಗಳು ಕಾಯಬಾರದಿತ್ತೇ ಆ ಬೋಳಿಮಗ, ಎಂದುಕೊಂಡರು. ಎಂದುಕೊಂಡ ಕೂಡಲೇ ಅವನ ಜೈಲುಗಳಲ್ಲಿ ಕೊಳೆಯುತ್ತಿದ್ದವರ ನೆನಪಾಗಿ, ಅವರ ಬಗ್ಗೆ ತಾವೇ ಆರನೆಯ ಅಧ್ಯಾಯದಲ್ಲಿ ಬರೆದದ್ದೂ ನೆನಪಾಗಿ, ನಾಚಿಕೆಯಾಯಿತು. ನಾಚಿಕೆಯಲ್ಲಿ ಗದ್ದ ಕೊಯ್ದುಕೊಂಡರು.

ಹೆಂಡತಿ ಹವಾಮಾನ ಇಲಾಖೆಯಲ್ಲಿದ್ದು ನಿವೃತ್ತಳಾದವಳು. ಕಾಫಿ ಲೋಟವನ್ನು ಮುಂದೆ ಇಟ್ಟು, ಗದ್ದದ ಮೇಲಿನ ಹತ್ತಿ ನೋಡಿ, ನಗಬಾರದು ಎಂದು ತುಟಿ ಕಚ್ಚಿಕೊಂಡಳು. "ಸಂಜೆ ಏನ್ರೀ ಮಾಡ್ತೀರಿ?" "ಏನು ಮಾಡೋದು? ಪುಸ್ತಕದಲ್ಲಿರೋದು ರಚನೆಯ ವಿಶ್ಲೇಷಣೆ ಕಣೇ. ವ್ಯಕ್ತಿ ಹೋದ ಮಾತ್ರಕ್ಕೆ ರಚನೆ ಹೋಗಿಬಿಡತ್ತಾ?" "ಅದೂ ನಿಜ. ಚಪ್ಪಲಿ ಉಳಿದಿದೆಯಲ್ಲ, ಅದೇ ರಚನೆ ಇರ್ಬೇಕು." ಆಮೇಲೆ, ಈ ಸಲ ಮೆತ್ತಗೆ, "ನಮ್ಮ ಆಫೀಸಲ್ಲಿ ಮಳೆ ಬರತ್ತೆ ಅಂದು ಬರದೇ ಹೋದ್ರೆ ಬೀದೀಲಿ ಬೈತಿದ್ರು. ಹಾಲಿನವನೂ ಬೈತಿದ್ದ. ಅದಕ್ಕೇ ನಾವು 'ಸಂಭವ' ಅಂತ ಒಂದು ಪದ ಸೇರಿಸ್ತಿದ್ವಿ. ನಿಮ್ಮನ್ನ ಯಾರೂ ಬೈಯೋದಿಲ್ಲ, ಅದೇ ನಿಮ್ಮ ಕಷ್ಟ" ಎಂದಳು.

ಪ್ರಕಾಶಕನ ಫೋನು ಬಂತು. ಪುಸ್ತಕ ನಿಂತಿತು, ಹಣ ಮುಳುಗಿತು ಎಂದು ಅವನು ಅಳುತ್ತಾನೆಂದು ಎದೆ ಗಟ್ಟಿಮಾಡಿಕೊಂಡರೆ ಅವನ ಧ್ವನಿಯಲ್ಲಿ ಮದುವೆಮನೆಯ ಸಡಗರ. "ಸಾರ್, ನಮ್ಮ ಅದೃಷ್ಟ ನೋಡಿ! ಇಡೀ ಪ್ರಪಂಚ ಇವತ್ತು ಆ ದೇಶದ ಬಗ್ಗೇನೇ ಮಾತಾಡ್ತಿದೆ, ನಮ್ಮ ಹತ್ರ ಪುಸ್ತಕ ರೆಡಿ!" "ಅಲ್ಲಪ್ಪಾ, ಪುಸ್ತಕದ ಹೆಸರೇ..." "ಅದಕ್ಕೆ ವ್ಯವಸ್ಥೆ ಮಾಡಿದೀನಿ ಸಾರ್. ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಕೆಂಪು ಸ್ಟಿಕ್ಕರ್. ಹುಡುಗೀರು ಕೂತು ಅಂಟಿಸ್ತಿದಾರೆ. 'ಅಲುಗದ ಪೀಠ?' ಹೇಗಿದೆ? ಓದುಗ ಚಿಂತನೆಗೆ ಬೀಳ್ತಾನೆ." ತಜ್ಞರು ಚಿಂತನೆಗೆ ಬಿದ್ದರು. ಬೇಡ ಎನ್ನಬೇಕೆಂದು ಬಾಯಿ ತೆರೆದರು. ಆದರೆ ಒಳಗಿನ ಯಾರೋ ಒಬ್ಬ, ಚಿಹ್ನೆಯನ್ನು ಸ್ವಲ್ಪ ದೊಡ್ಡದಾಗಿ ಹಾಕಿದರೆ ಒಳ್ಳೆಯದು ಎಂದು ಆಗಲೇ ಲೆಕ್ಕ ಹಾಕುತ್ತಿದ್ದ.

ಸ್ಟುಡಿಯೋದವರು ಕಳಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಸಿಗ್ನಲ್ಲಿನಲ್ಲಿ ನಿಂತ ಪಕ್ಕದ ಬಸ್ಸಿನ ಕಿಟಕಿಯೊಳಗೆ ಒಬ್ಬ ಹೆಂಗಸು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದುದನ್ನು ನೋಡುತ್ತಿದ್ದ ಹಾಗೆ, ತಾನು ಇಲ್ಲಿಗೆ ಬಂದದ್ದಾದರೂ ಹೇಗೆ ಎಂದು ಅವರಿಗೆ ಆಶ್ಚರ್ಯವಾಯಿತು. ಇತಿಹಾಸ ಓದಬೇಕೆಂದು ಅರ್ಜಿ ಹಾಕಿದವರು ಅವರು. ಅಲ್ಲಿ ಸೀಟು ಸಿಗಲಿಲ್ಲ. ಅರಬ್ಬೀ ವಿಭಾಗದಲ್ಲಿ ವಿದ್ಯಾರ್ಥಿಗಳಿಲ್ಲದೆ ಬಾಗಿಲು ಹಾಕುವ ಸ್ಥಿತಿ. ಕರೆದು ಕೂರಿಸಿದರು. ಮೊದಲ ದಿನ ಬಲದಿಂದ ಎಡಕ್ಕೆ ಹರಿಯುವ ಅಕ್ಷರಗಳನ್ನು ನೋಡಿ, ನೀರು ಮೇಲಕ್ಕೆ ಹತ್ತುತ್ತಿರುವುದನ್ನು ಕಂಡವರ ಹಾಗೆ ಸುಮ್ಮನೆ ಕೂತುಬಿಟ್ಟಿದ್ದರು. ಆಮೇಲೆ ಹುಚ್ಚು ಹಿಡಿಯಿತು. ಸಾವಿರ ವರ್ಷದ ಹಿಂದೆ ಇಬ್ಬರು ವೈಯಾಕರಣರು ಒಂದು ಪದದ ಕೊನೆಗೆ 'ಉ' ಬರಬೇಕೋ 'ಅ' ಬರಬೇಕೋ ಎಂದು ಕಾದಾಡಿ, ಸೋತವನು ಮನೋವ್ಯಥೆಯಿಂದ ಹಾಸಿಗೆ ಹಿಡಿದ ಕಥೆಯ ಮೇಲೆ ಅವರ ಪ್ರಬಂಧ. ಅದನ್ನು ಪೂರ್ತಿ ಓದಿದವರು ಮೂವರೇ: ಗುರುಗಳು, ಪರೀಕ್ಷಕರು ಮತ್ತು ಟೈಪು ಮಾಡಿದವನು. ಟೈಪು ಮಾಡಿದವನು ಮಾತ್ರ, ಪಾಪ ಸಾರ್ ಆ ಸೋತವನು, ಎಂದಿದ್ದ. ಪಾಪ ಎನ್ನಿಸಿಕೊಂಡು ನಿವೃತ್ತರಾಗಬೇಕಾಗಿದ್ದವರನ್ನು ಒಂದು ಯುದ್ಧ ಬಂದು ಎತ್ತಿ ಹಿಡಿಯಿತು. ಟೀವಿಗೆ ಅರಬ್ಬೀ ಬಲ್ಲ ಒಬ್ಬ ಬೇಕಾಗಿತ್ತು, ಯಾರೋ ನಂಬರು ಕೊಟ್ಟರು. ಯುದ್ಧ ಆಗುವುದಿಲ್ಲ ಎಂದು ಅವರು ಆಧಾರಸಹಿತ ವಿವರಿಸಿ ಕ್ಯಾಂಟೀನಿನಲ್ಲಿ ಕೈ ತೊಳೆಯುತ್ತಿದ್ದಾಗ ಯುದ್ಧ ಶುರುವಾಯಿತು. ಮುಗಿಯಿತು ನನ್ನ ಕಥೆ ಎಂದುಕೊಂಡಿದ್ದರು. ಮರುದಿನ ಮತ್ತೆರಡು ಚಾನೆಲ್ಲಿನವರು ಕರೆದರು, ಈ ಸಲ 'ಪಶ್ಚಿಮ ಏಷ್ಯಾ ತಜ್ಞರು' ಎಂಬ ಪಟ್ಟಿಯೊಡನೆ. ಅಲ್ಲಿಂದಾಚೆಗೆ ಪ್ರತಿ ತಪ್ಪಿಗೂ ಒಂದೊಂದು ಮೆಟ್ಟಿಲು ಹತ್ತಿದರು. ಈಗ ಓಣಿಯ ಇಸ್ತ್ರಿಯವನಿಗೂ ಅವರು ತಜ್ಞರೇ. ಹೆಸರು ಹಿಡಿದು ಕರೆಯುವವರು ಸತ್ತುಹೋಗಿದ್ದರು.

ಇವತ್ತಾದರೂ ತಪ್ಪು ಹಿಡಿಯುತ್ತಾರೆ ಎಂದುಕೊಂಡೇ ಸ್ಟುಡಿಯೋದ ಕುರ್ಚಿಯಲ್ಲಿ ಕೂತರು. ನಿನ್ನೆಯದನ್ನೇ ಮತ್ತೆ ಹಾಕಿ ತೋರಿಸುತ್ತಾರೆ, ಬರೆದಿಟ್ಕೊಳ್ಳಿ ಅಂದಿರಲ್ಲ ಸಾರ್ ಎಂದು ಕೇಳುತ್ತಾರೆ. ಉತ್ತರವನ್ನು ಕಾರಿನಲ್ಲೇ ಕಟ್ಟಿಕೊಂಡು ಬಂದಿದ್ದರು; ಅದರಲ್ಲಿ ಸ್ವಲ್ಪ ವಿನಯ, ಸ್ವಲ್ಪ ನಗೆ, ಕೊನೆಗೆ ಒಂದು ಅರಬ್ಬೀ ಗಾದೆ ಇತ್ತು. ನಿರೂಪಕಿ, ಮಗಳ ವಯಸ್ಸಿನವಳು, ಪೌಡರು ಹಚ್ಚಿಸಿಕೊಳ್ಳುತ್ತ "ಸಾರ್, ನೀವು ಮೊದಲಿಂದಲೂ ಹೇಳ್ತಾನೇ ಬಂದಿದೀರಿ ಅಲ್ವಾ ಇದನ್ನ" ಎಂದಳು. "ಯಾವುದನ್ನಮ್ಮಾ?" "ಇದೇ... ಪರಿಸ್ಥಿತಿ." ದೀಪಗಳು ಹೊತ್ತಿಕೊಂಡವು. ಮುಂದೇನಾಗುತ್ತದೆ, ಅರ್ಧ ನಿಮಿಷದಲ್ಲಿ ಹೇಳಿ ಎಂದಳು. ಅವರು ಹೇಳಿದರು. ತಮ್ಮ ಧ್ವನಿಯನ್ನು ತಾವೇ ಪಕ್ಕದ ಕೋಣೆಯಿಂದ ಕೇಳಿದ ಹಾಗಿತ್ತು: ಸಮೀಕರಣ, ಅಧಿಕಾರದ ನಿರ್ವಾತ, ಬುಡಕಟ್ಟಿನ ನಿಷ್ಠೆ, ಮುಂದಿನ ಆರು ವಾರ ನಿರ್ಣಾಯಕ. ಯಾವಾಗಲೂ ಮುಂದಿನ ಆರು ವಾರ ನಿರ್ಣಾಯಕ. ಹೊರಗೆ ಬಂದು ಕಾರು ಹತ್ತಿದರು. ತಮಗಾಗುತ್ತಿರುವುದು ತಪ್ಪಿಸಿಕೊಂಡ ನೆಮ್ಮದಿಯಲ್ಲ, ಅವಮಾನ ಎಂದು ಗೊತ್ತಾಗಲು ಎರಡು ಬೀದಿ ದಾಟಬೇಕಾಯಿತು. ನಿನ್ನೆ ತಾನು ಹೇಳಿದ್ದನ್ನು ಯಾರೂ ಕೇಳಿಯೇ ಇರಲಿಲ್ಲ. ಕುರ್ಚಿಯಲ್ಲಿ ಗದ್ದವೊಂದು ಅಲುಗಾಡಿದ್ದರೆ ಚಾನೆಲ್ಲಿನವರಿಗೆ ಸಾಕಾಗಿತ್ತು.

ಕೇಳಿದವನು ಒಬ್ಬನಿದ್ದ. ವಿಭಾಗದ ತಮ್ಮ ಕೋಣೆಯ ಬೀಗ ತೆಗೆಯಲು ಹೋದರೆ ಅವನು ಬಾಗಿಲ ಪಕ್ಕದ ಬೆಂಚಿನ ಮೇಲೆ ಮೊಣಕಾಲು ಜೋಡಿಸಿ ಕೂತಿದ್ದ. ಅದೇ ದೇಶದಿಂದ ತಪ್ಪಿಸಿಕೊಂಡು ಬಂದು, ಇಲ್ಲಿನ ಮಾತು ಕಲಿತು, ವಿಭಾಗದಲ್ಲಿ ಹಂಗಾಮಿಯಾಗಿ ಆಡುಮಾತಿನ ಪಾಠ ಹೇಳುತ್ತಿದ್ದವನು. ಗಂಟಲಿನಾಳದಿಂದ ಬರಬೇಕಾದ ಅಕ್ಷರಗಳನ್ನು ಮಕ್ಕಳಿಂದ ಹೊರಡಿಸಲು ಅವನು ಪಡುವ ಪಾಡು ನೋಡಿ ಎಲ್ಲರೂ ಉಚ್ಚಾರ ಮೇಷ್ಟ್ರು ಎನ್ನುತ್ತಿದ್ದರು. "ಬಾರಪ್ಪಾ ಬಾ! ನಿನಗೇ ಮೊದಲು ಶುಭಾಶಯ ಹೇಳ್ಬೇಕು ನಾನು" ಎಂದು ತಜ್ಞರು ಎರಡೂ ಕೈ ಚಾಚಿದರು. ಅವನು ಎದ್ದು ನಿಂತ, ಕೈ ಕೊಡಲಿಲ್ಲ. "ಮೊನ್ನೆ ನಮ್ಮ ಸರ್ಕಾರದ ಟೀವಿಯಲ್ಲಿ ನನ್ನನ್ನ ತೋರಿಸಿದ್ರು ಸಾರ್. ನೀವು ನೋಡಿರ್ತೀರಿ." ತಜ್ಞರು ನೋಡಿರಲಿಲ್ಲ. ಆ ದೇಶದ ಟೀವಿ ನೋಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಬೇರೆಯವರು ನೋಡಿ ಬರೆದ ಸಾರಾಂಶ ಬೆಳಿಗ್ಗೆ ಮೇಲ್‌ಗೆ ಬರುತ್ತಿತ್ತು. "ಕೆಲಸ ಜಾಸ್ತಿ ಇತ್ತಪ್ಪ" ಎಂದರು.

ಅವನು ಹೇಳಿದ. ಅವನ ತಾಯಿ ಅಲ್ಲಿ ಹಾಸಿಗೆ ಹಿಡಿದಿದ್ದಳು. ಕ್ಯಾಮೆರಾ ಮುಂದೆ ನಿಂತು ಅಧ್ಯಕ್ಷರ ಕ್ಷಮೆ ಕೇಳಿದರೆ, ಹಳೆಯದೆಲ್ಲ ಮರೆತು ಒಂದು ಸಲ ಹೋಗಿಬರಲು ಬಿಡುತ್ತೇವೆ ಎಂದು ರಾಯಭಾರ ಕಚೇರಿಯವರು ಆಮಿಷ ಒಡ್ಡಿದ್ದರು. ವರ್ಷಗಟ್ಟಲೆ ಅವನು ಒಪ್ಪಿರಲಿಲ್ಲ. "ಹೋದ ತಿಂಗಳು ಒಂದು ದಿನ ಇಲ್ಲೇ, ನೀರಿನ ಫಿಲ್ಟರ್ ಹತ್ರ ನಿಮ್ಮನ್ನ ಕೇಳಿದ್ದೆ ಸಾರ್. ಇನ್ನೆಷ್ಟು ದಿನ ಇರ್ತಾನೆ ಅವನು, ಅಮ್ಮ ಅಲ್ಲೀವರೆಗೂ ಕಾಯ್ತಾಳಾ ಅಂತ. ಹತ್ತು ವರ್ಷ ಅಂದ್ರಿ." ತಜ್ಞರಿಗೆ ನೀರಿನ ಫಿಲ್ಟರ್ ನೆನಪಾಯಿತು, ಲೋಟದ ಸರಪಣಿ ನೆನಪಾಯಿತು, ಆವತ್ತು ಕನ್ನಡಕ ಎಲ್ಲಿಟ್ಟೆ ಎಂದು ಜೇಬು ತಡಕಾಡುತ್ತಿದ್ದುದೂ ನೆನಪಾಯಿತು. ಇವನ ಪ್ರಶ್ನೆ ಮಾತ್ರ ನೆನಪಾಗಲಿಲ್ಲ. "ಅಮ್ಮ ಹತ್ತು ವರ್ಷ ಕಾಯೋದಿಲ್ಲ ಸಾರ್. ಅದಕ್ಕೇ ಹೋಗಿ ನಿಂತೆ. ಅವನನ್ನ 'ನಮ್ಮೆಲ್ಲರ ತಂದೆ' ಅಂದೆ. ಹಾಗೇ ಅನ್ನಬೇಕು ಅಂತ ಬರೆದು ಕೊಟ್ಟಿದ್ರು. ಮೊನ್ನೆ ತೋರಿಸಿದ್ರು. ಇವತ್ತು ಅವನು ಓಡಿಹೋದ." ಅವನ ಮಾತಿನಲ್ಲಿ ಸಿಟ್ಟಿದ್ದಿದ್ದರೆ ತಜ್ಞರಿಗೆ ಎಷ್ಟೋ ಸಲೀಸಾಗುತ್ತಿತ್ತು. ಮಕ್ಕಳಿಗೆ ಅಕ್ಷರ ಬಿಡಿಸಿ ಹೇಳುವ ಹಾಗೆ ಒಂದೊಂದನ್ನೇ ಬಿಡಿಸಿ ಇಡುತ್ತಿದ್ದ. "ಸಂಜೆ ನಮ್ಮವರೆಲ್ಲ ರಾಯಭಾರ ಕಚೇರಿ ಮುಂದೆ ಸೇರ್ತಿದಾರೆ. ಹೋಗ್ದೇ ಇರೋಕೂ ಆಗಲ್ಲ, ಒಬ್ಬನೇ ಹೋಗೋಕೂ ಆಗಲ್ಲ. ನೀವು ಬಂದು ಒಂದು ಮಾತು ಹೇಳ್ಬೇಕು ಸಾರ್. ನಿಮ್ಮನ್ನ ಎಲ್ಲರೂ ಬಲ್ಲರು." "ಏನಂತ ಹೇಳ್ಲಪ್ಪಾ?" "ಹತ್ತು ವರ್ಷ ಅಂತ ನಾನೇ ಹೇಳಿದ್ದು, ಅದನ್ನ ನಂಬಿ ಇವನು ಹೀಗೆ ಮಾಡ್ದ ಅಂತ." ತಜ್ಞರು ಗಡಿಯಾರ ನೋಡಿದರು. ನೋಡಬಾರದಿತ್ತು, ಅವನೂ ನೋಡಿದ. "ಬಿಡುಗಡೆ ಕಾರ್ಯಕ್ರಮ ಮುಗಿಸ್ಕೊಂಡು ಬಂದುಬಿಡ್ತೀನಿ. ಖಂಡಿತ." "ಆಯ್ತು ಸಾರ್. ಎದುರುಗಡೆ ಬಸ್‌ಸ್ಟಾಪಲ್ಲಿ ಇರ್ತೀನಿ" ಎಂದು ಅವನು ಹೋದ. ಖಂಡಿತ ಎಂಬ ತಮ್ಮ ಪದವನ್ನೂ ಅವನು ನಂಬಿಬಿಟ್ಟ ಎಂಬುದು ಅವರಿಗೆ ಆಮೇಲೆ ಹೊಳೆಯಿತು.

ಸಭಾಂಗಣ ತುಂಬಿತ್ತು. ಹೆಂಡತಿ ಎರಡನೇ ಸಾಲಿನಲ್ಲಿ ಕೂತು ಪುಸ್ತಕದ ಮೇಲಿನ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಲು ನೋಡುತ್ತಿದ್ದಳು. ಕೆಲವು ಪ್ರತಿಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ ವಾಲಿಕೊಂಡಿತ್ತು, ಒಂದರಲ್ಲಿ ತಲೆಕೆಳಗಾಗಿತ್ತು. ಕುಲಪತಿಗಳು ರಿಬ್ಬನ್ ಬಿಚ್ಚಿ, ಈ ಕೃತಿ ಇಂದಿನ ಘಟನೆಗಳ ಕೈಪಿಡಿ ಎಂದರು. ತಜ್ಞರು ಹಾರದ ಭಾರಕ್ಕೆ ಕತ್ತು ಬಗ್ಗಿಸಿ ಕೂತಿದ್ದಾಗ, ಯಾಕೋ, ಬಹಳ ಹಿಂದೆ ತೀರಿಕೊಂಡ ಗುರುಗಳ ಕೆಂಪು ಪೆನ್ಸಿಲ್ಲು ಕಣ್ಣ ಮುಂದೆ ಬಂತು. ಹಳೆಯ ಅರಬ್ಬೀ ಧರ್ಮಶಾಸ್ತ್ರಿಗಳು, ಭಾಷ್ಯಕಾರರು, ಹತ್ತು ಪುಟ ವಾದಿಸಿ ಎದುರಾಳಿಯ ಸೊಂಟ ಮುರಿದ ಮೇಲೂ ಕೊನೆಗೆ ಒಂದು ಸಾಲು ಬರೆಯುತ್ತಿದ್ದರು: 'ದೇವರೇ ಸರಿಯಾಗಿ ಬಲ್ಲ.' ಪ್ರತಿ ಅಭಿಪ್ರಾಯದ ಕೆಳಗೂ ಅದೇ ಸಾಲು. ಗುರುಗಳ ಬಳಿ ಓದುವಾಗ ಆ ಗ್ರಂಥಗಳಿಗೆ ಮಾಡಿದ ಅನುವಾದದಲ್ಲಿ ತಜ್ಞರು, ಆಗ ಇನ್ನೂ ತಜ್ಞರಾಗಿರಲಿಲ್ಲ, ಅದನ್ನೆಲ್ಲ ಹೊಡೆದು ಹಾಕಿದ್ದರು. ಪುನರುಕ್ತಿ ಸಾರ್, ಪುಟ ಉಳಿಯುತ್ತೆ ಎಂದಿದ್ದರು. ಗುರುಗಳು ಒಂದೊಂದನ್ನೂ ಮತ್ತೆ ಕೆಂಪಿನಲ್ಲಿ ಬರೆದು, "ಪುಟ ಉಳಿಯುತ್ತಯ್ಯಾ, ಮರ್ಯಾದೆ ಉಳಿಯಲ್ಲ" ಎಂದಿದ್ದರು.

ಅವರು ಮೈಕಿನ ಮುಂದೆ ನಿಂತರು. ಬರೆದು ತಂದ ಭಾಷಣ ಜೇಬಿನಲ್ಲೇ ಉಳಿಯಿತು. "ಈ ಪುಸ್ತಕ ತಪ್ಪು" ಎಂದರು. "ಮೊದಲ ಪುಟದಿಂದ ಕೊನೇ ಪುಟದವರೆಗೆ ತಪ್ಪು. ಬೀಳೋದಿಲ್ಲ ಅಂತ ಬರೆದಿದ್ದೆ, ಬಿತ್ತು. ನಿನ್ನೆ ಸಂಜೆಯೂ ಹೇಳಿದ್ದೆ. ನನ್ನ ಮಾತು ನಂಬಿ ಒಬ್ಬ..." ಅಷ್ಟರಲ್ಲಿ ಯಾರೋ ನಕ್ಕರು, ಪ್ರೀತಿಯ ನಗು, ಮನೆಹಿರಿಯರು ತಮಾಷೆ ಮಾಡಿದಾಗ ನಗುವಂಥದ್ದು, ನಗು ಹರಡಿ ಚಪ್ಪಾಳೆಯಾಯಿತು, ಹಿಂದಿನ ಸಾಲಿನವರು ಎದ್ದು ನಿಂತರು. ಕುಲಪತಿಗಳು ಮೈಕು ಕಸಿದುಕೊಂಡು, ತಪ್ಪಿದೆ ಎನ್ನುವುದಕ್ಕೂ ಎಂಥ ಎತ್ತರ ಬೇಕು ನೋಡಿ, ಇದು ವಿದ್ವತ್ತು, ಎಂದು ಕಣ್ಣು ಒರೆಸಿಕೊಂಡರು. ಒಬ್ಬ ಎನ್ನುವವನು ಯಾರು ಎಂದು ಯಾರೂ ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ಪ್ರಕಾಶಕ ಕಿವಿಯ ಹತ್ತಿರ ಬಂದು, "ಎರಡನೇ ಮುದ್ರಣಕ್ಕೆ ಅದೇ ಹಾಕ್ಬಿಡೋಣ ಸಾರ್. 'ಲೇಖಕರೇ ತಪ್ಪೆಂದ ಪುಸ್ತಕ!' ಎಲ್ಲಿಂದ ಹೊಳೀತು ನಿಮಗೆ?" ಎಂದ. ಹೆಂಡತಿ ಮಾತ್ರ ನಗುತ್ತಿರಲಿಲ್ಲ. "ಯಾರ್ರೀ ಅದು, ನಿಮ್ಮನ್ನ ನಂಬಿದೋನು?" ಎಂದಳು. ಅವರು ಹೇಳಿದರು. "ಹಾಗಾದ್ರೆ ಇಲ್ಲಿ ಯಾಕೆ ನಿಂತಿದೀರಿ? ಹೋಗಿ" ಎಂದು ಹಾರವನ್ನು ಅವಳೇ ಕತ್ತಿನಿಂದ ತೆಗೆದಳು.

ರಾಯಭಾರ ಕಚೇರಿಯ ಬೀದಿಯಲ್ಲಿ ಇನ್ನೂ ಬೆಳಕಿತ್ತು. ನೂರಾರು ಜನ, ಡೋಲು, ಬಾವುಟ, ಹೆಗಲ ಮೇಲೆ ಮಕ್ಕಳು. ಕಾರಿನಿಂದ ಇಳಿದ ಕೂಡಲೇ ಯಾರೋ ಅವರನ್ನು ಗುರುತು ಹಿಡಿದು ಕೂಗಿದರು. ಟೀವಿಯಲ್ಲಿ ತಮ್ಮ ದೇಶದ ಹೆಸರು ಹೇಳುವ ಒಬ್ಬನೇ ಮನುಷ್ಯ! ಹೆಗಲ ಮೇಲೆ ಬಾವುಟ ಬಿತ್ತು, ಕೆನ್ನೆಗಳಿಗೆ ಮುತ್ತು ಬಿದ್ದವು, ಬೇಡ ಬೇಡ ಅನ್ನುತ್ತಿದ್ದ ಹಾಗೇ ಇಬ್ಬರು ಗಟ್ಟಿಗರು ತೊಡೆಗಳ ಕೆಳಗೆ ಕೈ ಹಾಕಿ ಎತ್ತಿಬಿಟ್ಟರು. ಮೇಲಿಂದ ಎಲ್ಲ ಕಾಣುತ್ತಿತ್ತು: ಕಚೇರಿಯ ಗೋಡೆಯ ಮೇಲೆ ಕಿತ್ತು ತೆಗೆದ ಭಾವಚಿತ್ರದ ಚೌಕ, ಎದುರಿನ ಬಸ್‌ಸ್ಟಾಪು, ಅದರ ಕಂಬದ ಹಿಂದೆ ಮೊಣಕಾಲು ಜೋಡಿಸಿ ಕೂತ ಉಚ್ಚಾರ ಮೇಷ್ಟ್ರು. ಇಬ್ಬರ ಕಣ್ಣೂ ಸೇರಿದವು. ಅವರಿಗೆ ಒಂದು ಕ್ಷಣ ಬೀಳಬೇಕೆನ್ನಿಸಿತು, ಎತ್ತಿದವರ ಕೈ ಜಾರಿ ಸಾರ್ವಜನಿಕವಾಗಿ ಬಿದ್ದುಬಿಡಬೇಕೆನ್ನಿಸಿತು. ಬೀಳಲಿಲ್ಲ. ಹೇಳಬೇಕಾದ್ದನ್ನು ಇಲ್ಲಿಂದಲೇ ಹೇಳಿಬಿಡೋಣ ಎಂದು ಬಾಯಿ ತೆರೆದರೆ ಬಂದದ್ದು ಅವರು ಬಲ್ಲ ಒಂದೇ ಅರಬ್ಬೀ, ವೈಯಾಕರಣರ ಅರಬ್ಬೀ. ವಿಭಕ್ತಿಪ್ರತ್ಯಯ ಒಂದೂ ತಪ್ಪದ ವಾಕ್ಯ. ಸಂತೆಯಲ್ಲಿ ಬದನೆಕಾಯಿಯ ಬೆಲೆಯನ್ನು ಹಳಗನ್ನಡದಲ್ಲಿ ಕೇಳಿದ ಹಾಗಾಯಿತು. ಜನ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಅರ್ಥವಾಗಲಿಲ್ಲವೇನೋ ಎಂದು ಅವರು ಇನ್ನೂ ಗಟ್ಟಿಯಾಗಿ ಹೇಳಿದರು, ಹೇಳುತ್ತ ಕೈ ಚಾಚಿ ತೋರಿಸಿದರು. ಅವನು, ಅಲ್ಲಿ, ನನ್ನ ಮಾತಿನಿಂದ.

ಎಲ್ಲರೂ ತಿರುಗಿ ನೋಡಿದರು. ಅಲ್ಲಿಯವರೆಗೆ ಅವನು ಅಲ್ಲಿರುವುದು ಯಾರಿಗೂ ಗೊತ್ತಿರಲಿಲ್ಲ.

ಡೋಲು ನಿಂತಿತು. ತಜ್ಞರನ್ನು ಹೊತ್ತವರು ಅವರನ್ನು ಚೀಲದ ಹಾಗೆ ಕೆಳಗಿಟ್ಟರು. ಗುಂಪಿನೊಳಗಿಂದ ಕನ್ನಡಕದಂಗಡಿಯ ಮುದುಕ, ಆ ದೇಶದಿಂದ ಇಲ್ಲಿಗೆ ಬಂದವರಲ್ಲೆಲ್ಲ ಹಿರಿಯ, ಮಗನನ್ನು ಅಲ್ಲಿನ ಜೈಲಿನಲ್ಲಿ ಕಳೆದುಕೊಂಡವನು, ರಸ್ತೆ ದಾಟಿ ಹೊರಟ. ತಜ್ಞರ ತಲೆ ಚಾಳಿಬಿದ್ದ ಹಾಗೆ ಲೆಕ್ಕ ಹಾಕಿತು: ಎರಡು ಸಾಧ್ಯತೆ, ಹೊಡೆಯುತ್ತಾನೆ ಅಥವಾ ತಬ್ಬಿಕೊಳ್ಳುತ್ತಾನೆ. ಮುದುಕ ಎರಡೂ ಮಾಡಲಿಲ್ಲ. ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕೂತು, ಮುಖ ನೋಡದೆ, ಬೀದಿಯ ಆಡುಮಾತಿನಲ್ಲಿ ಏನೋ ಹೇಳಿದ. ಹಿಂದೆಯೇ ಓಡಿಬಂದು ಹತ್ತಿರದಲ್ಲೇ ನಿಂತಿದ್ದರೂ ತಜ್ಞರಿಗೆ ಒಂದು ಪದವೂ ತಿಳಿಯಲಿಲ್ಲ. ಬೈಗುಳವೋ ಸಮಾಧಾನವೋ ಅದೂ ತಿಳಿಯಲಿಲ್ಲ. ಮುದುಕ ಎದ್ದು ವಾಪಸು ಹೋದ. ಸ್ವಲ್ಪ ಹೊತ್ತಿಗೆ ಡೋಲು ಮತ್ತೆ ಶುರುವಾಯಿತು, ಮೊದಲಿನಷ್ಟು ಜೋರಾಗಿ ಅಲ್ಲ.

"ಏನಂದ್ರಪ್ಪಾ?" ಎಂದರು ತಜ್ಞರು. ಅವನು ಮುದುಕ ಹೋದ ಕಡೆಗೇ ನೋಡುತ್ತ ಹೇಳಿದ: "ಇವತ್ತು ಬೇಡ ಅಂದ್ರು. ಇವತ್ತು ಎಲ್ಲರೂ ಖುಷಿಯಾಗಿದಾರೆ, ಕೆಡಿಸ್ಬೇಡ. ಮುಂದೆ ಯಾವತ್ತಾದ್ರೂ ಬಾ, ಮಾತಾಡೋಣ, ಅಂದ್ರು." "ನಾನು ಹೇಳಿದ್ದು..." "ಯಾರಿಗೂ ಅರ್ಥ ಆಗ್ಲಿಲ್ಲ ಸಾರ್. ಪ್ರಾರ್ಥನೆ ಮಾಡ್ತಿದೀರಿ ಅಂದ್ಕೊಂಡ್ರು." ತಜ್ಞರು ಬೆಂಚಿನ ತುದಿಯಲ್ಲಿ ಕೂತರು. ಬಾವುಟ ಜಾರಿ ಕಾಲಿನ ಮೇಲೆ ಬಿತ್ತು, ಅದನ್ನು ಮಡಿಸಲು ನೋಡಿದರು, ಯಾವ ಕಡೆ ಮೇಲೆ ಬರಬೇಕೆಂದು ತಿಳಿಯದೆ ಹಾಗೇ ಮಡಿಲಲ್ಲಿ ಇಟ್ಟುಕೊಂಡರು. "ಅಮ್ಮನ್ನ ನೋಡೋಕೆ ಹೋಗ್ತೀಯಾ?" "ವಿಮಾನ ನಿಂತಿದೆ ಸಾರ್. ಶುರುವಾದ್ರೆ ಹೋಗ್ಬೇಕು. ಅಲ್ಲೂ ಎಲ್ಲರೂ ಟೀವಿ ನೋಡಿರ್ತಾರೆ."

ಫೋನು ನಡುಗಿತು. ನಿರೂಪಕಿ. "ಸಾರ್, ಲೈವ್‌ನಲ್ಲಿದೀರಿ! ಜನ ನಿಮ್ಮನ್ನ ಹೊತ್ತು ಕುಣಿದ ದೃಶ್ಯ ನಮ್ಮಲ್ಲೇ ಮೊದಲು ಬರ್ತಿದೆ. ಅಲ್ಲಿ ಜನರ ಮನಸ್ಸಿನಲ್ಲಿ ಏನಿದೆ ಸಾರ್? ಇನ್ನು ಮುಂದೇನು?" ತಜ್ಞರು ಪಕ್ಕದವನ ಕಡೆ ನೋಡಿದರು. ಅವನು ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿದ್ದ, ಕಿವಿ ಮಾತ್ರ ಈ ಕಡೆ ಇತ್ತು.

"ನನಗೆ ಗೊತ್ತಿಲ್ಲಮ್ಮ" ಎಂದರು.

"ಹಲೋ? ಸಾರ್? ನಿಮ್ಮ ಧ್ವನಿ ಕೇಳಿಸ್ತಿಲ್ಲ."

"ಗೊತ್ತಿಲ್ಲ. ನನಗೆ ಗೊತ್ತಿಲ್ಲ."

"ತಜ್ಞರ ಸಂಪರ್ಕದಲ್ಲಿ ತಾಂತ್ರಿಕ ತೊಂದರೆ ಇದೆ ವೀಕ್ಷಕರೇ" ಎಂಬ ಧ್ವನಿ ಕೇಳಿ ಫೋನು ಕಟ್ಟಾಯಿತು. ಬಸ್ಸು ಬಂತು. ಉಚ್ಚಾರ ಮೇಷ್ಟ್ರು ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತ. "ಆವತ್ತೂ ಅಷ್ಟೇ ಹೇಳಿದ್ರೆ ಸಾಕಾಗಿತ್ತು ಸಾರ್" ಎಂದು ಹತ್ತಿಕೊಂಡ.